ಫಕೀರವ್ವನಿಗೆ ಚುಚ್ಚಿದ ಮದ್ದಿನ ಹೆಸರೇನು?

ಖಾಸಗಿ ಕ್ಲಿನಿಕ್‌ಗಳ ಗುಣಮಟ್ಟ ಅಳೆಯುವ ಮಾನ್ಯ ಅಧಿಕಾರಿಗಳೇ,

ನೀವು 'ಅತ್ಯುತ್ತಮ' ಎಂದು ಪ್ರಮಾಣಪತ್ರ ಕೊಟ್ಟ, ಗೋವಾದ ಸಾಂಕೋಲೆ ಕಡೆಯ ಕ್ಲಿನಿಕ್ಕಿನಲ್ಲಿ ನನ್ನ ಹೆಂಡತಿ ಫಕೀರವ್ವನಿಗೆ ಎರಡು ವರ್ಷ, ವಾರಕ್ಕೊಂದರಂತೆ, ಸೂಜಿ ಚುಚ್ಚಿದ್ದಾರೆ. ಯಾವ ಮದ್ದೆಂದು ಎಲ್ಲಿಯೂ ಬರೆದಿಲ್ಲ. ಈಗ ಅವಳ ಎರಡೂ ಕಿಡ್ನಿ ಸೋತಿವೆ. ದೊಡ್ಡಾಸ್ಪತ್ರೆಯ ಡಾಕ್ಟರು ದಿನಾ ಕೇಳುವುದು ಒಂದೇ ಪ್ರಶ್ನೆ: ಏನು ಚುಚ್ಚಿದ್ದರು? ಇದನ್ನೇ ಕೇಳಿ ನಿಮಗೆ ಎರಡು ಅರ್ಜಿ ಕೊಟ್ಟೆ. ಉತ್ತರವಿಲ್ಲ. ಅದಕ್ಕೇ ಈಗ ನಾಲ್ಕು ಜನ ಓದಲಿ ಎಂದು ಹೀಗೆ ಬರೆಯುತ್ತಿದ್ದೇನೆ.

ನಾನು ಬಂದರಿನಲ್ಲಿ ಕೂಲಿಯವರ ಹಾಜರಿ ಬರೆಯುವವನು, ಅವಳು ಕಟ್ಟಡದ ಕೆಲಸದಲ್ಲಿ ಬುಟ್ಟಿ ಹೊರುವವಳು. ಸೊಂಟ ಹಿಡಿದಾಗ ಆ ಕ್ಲಿನಿಕ್ಕಿಗೆ ಹೋದಳು. ಸೂಜಿ ಬಿದ್ದ ಅರ್ಧ ಗಂಟೆಯಲ್ಲಿ ಎದ್ದು ಮತ್ತೆ ಬುಟ್ಟಿ ಹೊತ್ತಳು. ಡಾಕ್ಟರರ ಕೈಗುಣವನ್ನು ನಮ್ಮ ಓಣಿಯೆಲ್ಲ ಹೊಗಳಿತು. ಒಮ್ಮೆ ನಾನು ಮದ್ದಿನ ಹೆಸರು ಕೇಳಲು ಬಾಯಿ ತೆರೆದಾಗ ಅವಳು ತೋಳು ಜಗ್ಗಿದಳು: "ಸುಮ್ಕಿರ್ರಿ, ಹೆಸರ ಕೇಳಿದ್ರ ಮದ್ದು ಹತ್ತೂದಿಲ್ಲ." ನಮ್ಮ ಸಿಂದಗಿ ಕಡೆ ಕಾಮಾಲೆಗೆ ಸೊಪ್ಪು ಅರೆದು ಕೊಡುವವರು ಸೊಪ್ಪಿನ ಹೆಸರು ಹೇಳುವುದಿಲ್ಲ, ನಾವು ಕೇಳುವುದೂ ಇಲ್ಲ, ಕೇಳಿದರೆ ಗುಣ ಹೋಗುತ್ತದೆಂಬ ನಂಬಿಕೆ. ಆ ನಂಬಿಕೆಯನ್ನು ಗಂಟುಮೂಟೆಯ ಜೊತೆ ಗೋವಾಕ್ಕೂ ತಂದಿದ್ದೆವು. ಪಿಯುಸಿ ಓದಿದ ನಾನೂ ಬಾಯಿ ಮುಚ್ಚಿಕೊಂಡೆ. ಈ ತಪ್ಪು ನನ್ನದು, ಒಪ್ಪುತ್ತೇನೆ.

ಆದರೆ ಮಾನ್ಯರೇ, ತಮಗೆ ಯಾವ ಊರಿನ ನಾಟಿ ವೈದ್ಯರು ಆಣೆ ಹಾಕಿಸಿದ್ದರು? ತಾವು ಪರಿಶೀಲನೆಗೆ ದಯಮಾಡಿಸಿದ ದಿನ ನಾನೂ ಅಲ್ಲಿದ್ದೆ. ಕುರ್ಚಿ ಎಣಿಸಿದಿರಿ. ಕಸದ ಡಬ್ಬಿಗಳ ಮುಚ್ಚಳ ತೆರೆದು ನೋಡಿದಿರಿ. ಬೆಂಕಿ ಆರಿಸುವ ಸಿಲಿಂಡರಿನ ಮೇಲಿನ ತಾರೀಕನ್ನು ಕನ್ನಡಕ ಏರಿಸಿ ಓದಿದಿರಿ. ಮದ್ದಿನ ಕಪಾಟಿನ ಮುಂದೆಯೇ ನಿಂತು ಎಳನೀರು ಕುಡಿದಿರಿ. ಕಪಾಟು ಮಾತ್ರ ತೆರೆಸಲಿಲ್ಲ. ಆಮೇಲೆ ರೋಗಿಗಳಿಗೆ ಪ್ರಶ್ನೆಪತ್ರ ಹಂಚಿದಿರಿ. ಓದಲು ಬಾರದವರಿಗೆ ನಾನೇ ಓದಿ ಹೇಳಿ ಹೆಬ್ಬೆಟ್ಟು ಒತ್ತಿಸಿದೆ. ಫ್ಯಾನ್ ಇದೆಯೇ? ಬಹಳ ಹೊತ್ತು ಕಾಯಿಸಿದರೇ? ಡಾಕ್ಟರು ನಗುತ್ತಾ ಮಾತಾಡುತ್ತಾರೆಯೇ? ಫಕೀರವ್ವ ಎಲ್ಲದಕ್ಕೂ "ಭಾಳ ಚಲೋ ಅದಾರ ಅಂತ ಬರೀರಿ" ಎಂದಳು. ನಾನು ಬರೆದೆ. ಕೊಡುವ ಮದ್ದು ಯಾವುದೆಂದು ಹೇಳುತ್ತಾರೆಯೇ, ರಕ್ತ ಪರೀಕ್ಷೆ ಮಾಡಿಸಿದ್ದಾರೆಯೇ ಎಂಬ ಪ್ರಶ್ನೆ ಅದರಲ್ಲಿ ಇರಲೇ ಇಲ್ಲ. ಫ್ಯಾನಿನ ಗಾಳಿಯಿಂದ ಕಿಡ್ನಿ ಉಳಿಯುತ್ತದೆಯೇ?

ಹೋದ ತಿಂಗಳು ಅವಳ ಮುಖ, ಕಾಲು ಬಾತುಕೊಂಡವು. ದೊಡ್ಡಾಸ್ಪತ್ರೆಗೆ ಸೇರಿಸಿ ಕ್ಲಿನಿಕ್ಕಿಗೆ ಓಡಿದೆ. ಚೀಟಿ ಬರೆಯುವ ರೂಪಾ ನಮ್ಮ ಕಡೆಯ ಹುಡುಗಿ. ತಲೆ ತಗ್ಗಿಸಿಕೊಂಡೇ ಹೇಳಿದಳು: "ಕಾಕಾ, ಹೆಸರು, ತಾರೀಕು ಅಷ್ಟ ಬರೀತೀವ್ರಿ. ಮದ್ದು ಬರಿ ಅಂತ ನಮಗ ಯಾರೂ ಹೇಳಿಲ್ರಿ." ಡಾಕ್ಟರು ಗೋಡೆಯ ಮೇಲಿದ್ದ ನಿಮ್ಮ ಪ್ರಮಾಣಪತ್ರಕ್ಕೆ ಬೆರಳು ತೋರಿಸಿದರು. ಗಾಜು ಹಾಕಿಸಿದ್ದಾರೆ, ಚೆನ್ನಾಗಿ ಒರೆಸಿದ್ದಾರೆ.

ಆ ಸೂಜಿ ಸ್ಟಿರಾಯ್ಡ್ ಆಗಿದ್ದರೆ ಒಮ್ಮೆಲೇ ನಿಲ್ಲಿಸುವುದು ಜೀವಕ್ಕೆ ಅಪಾಯವಂತೆ. ಅಲ್ಲದಿದ್ದರೆ ಸ್ಟಿರಾಯ್ಡನ್ನು ಸುಮ್ಮನೆ ಕೊಡುವುದೂ ಅಪಾಯವಂತೆ. ದೊಡ್ಡಾಸ್ಪತ್ರೆಯವರು ಕತ್ತಲೆಯಲ್ಲಿ ತಡಕಾಡುತ್ತಿದ್ದಾರೆ. ನನಗೆ ದಿಕ್ಕೇ ತೋಚುತ್ತಿಲ್ಲ, ಸ್ವಾಮಿ. ನನಗೆ ಪರಿಹಾರ ಬೇಡ. ಡಾಕ್ಟರರಿಗೆ ಶಿಕ್ಷೆ ಕೊಡುವುದು ಬಿಡುವುದು ಆಮೇಲಿನ ಮಾತು. ಆ ಕಪಾಟು ತೆರೆಸುವ ಅಧಿಕಾರ ನನಗಿಲ್ಲ, ನಿಮಗಿದೆ. ಈವತ್ತೇ ಹೋಗಿ. ಎರಡು ವರ್ಷ ಅವರು ಯಾವ ಮದ್ದು ತರಿಸಿದರು ಎಂಬ ಅಂಗಡಿಯ ಬಿಲ್ಲುಗಳನ್ನು ತೆಗೆಸಿ, ಹೆಸರು ಬರೆದುಕೊಂಡು ದೊಡ್ಡಾಸ್ಪತ್ರೆಗೆ ಒಂದು ಫೋನು ಮಾಡಿ.

ಈ ಬೆಳಿಗ್ಗೆ ಫಕೀರವ್ವ ನನ್ನ ಕೈ ಹಿಡಿದುಕೊಂಡು, "ಇಲ್ಲೇನೂ ಗುಣಾ ಕಾಣವಲ್ದು. ನಮ್ಮ ಡಾಕ್ಟರನ್ನ ಕರಕೊಂಬರ್ರಿ, ಅವ್ರೊಂದು ಸೂಜಿ ಮಾಡಿದ್ರ ಎದ್ದು ಕುಂದರತೇನಿ" ಎಂದಳು. ನಾನು ಹೂಂ ಅಂದು ಹೊರಗೆ ಬಂದು ಅತ್ತೆ.

ಇಂತಿ,
ಕೇಳಬೇಕಾದ್ದನ್ನು ಎರಡು ವರ್ಷ ತಡವಾಗಿ ಕೇಳುತ್ತಿರುವ
ಕಂಠೆಪ್ಪ