ನನ್ನ ಅಳತೆಯ ಜಾಹೀರಾತು

ಪ್ರೀತಿಯ ಅಕ್ಕನಿಗೆ,

ನಿನ್ನ ಮಹಡಿ ಮನೆಯನ್ನು ಸದ್ಯಕ್ಕೆ ಯಾರಿಗೂ ಬಾಡಿಗೆಗೆ ಕೊಡಬೇಡ. ನಾನೂ ಮಗಳೂ ಬರಬೇಕಾಗಿದೆ.

ಇಲ್ಲಿ ನಿಯಮ ಬದಲಾಗಿದೆ. ಹೊರದೇಶದವರ ವೀಸಾ ಮುಂದುವರಿಯಬೇಕಾದರೆ, ಅವರ ಕೆಲಸಕ್ಕೆ ಮಾಲೀಕರು ಜಾಹೀರಾತು ಕೊಟ್ಟು, ಈ ದೇಶದವರು ಯಾರೂ ಸಿಗಲಿಲ್ಲವೆಂದು ತೋರಿಸಬೇಕು. ನಮ್ಮ ಡೆಂಟಲ್ ಲ್ಯಾಬಿನಲ್ಲಿ ಕೃತಕ ಹಲ್ಲು ಕಟ್ಟುವ ಕೆಲಸ ಪೂರ್ತಿ ಬಲ್ಲವಳು ನಾನೊಬ್ಬಳೇ. ಹಾಗಾಗಿ ಜಾಹೀರಾತನ್ನೂ ನನ್ನಿಂದಲೇ ಬರೆಸಿದರು. “ನಿಮ್ಮ ಅಳತೆಗೇ ಹೊಲಿದ್ಬಿಡಿ ಮೇಡಂ, ಬೇರೆಯವರಿಗೆ ತೋಳೂ ಹೋಗಬಾರ್ದು,” ಎಂದು ಮಾಲೀಕರು ನಕ್ಕರು.

ನಾನು ಹಾಗೆ ಬರೆಯಲಿಲ್ಲ. ಕೆಲಸಕ್ಕೆ ಏನು ಬೇಕೋ ಅಷ್ಟನ್ನೇ ಬರೆದೆ. ಅದು ಪ್ರಾಮಾಣಿಕತೆಯೋ, ನನ್ನಂತೆ ಹಲ್ಲು ಕಟ್ಟುವವರು ಇಲ್ಲಿ ಯಾರಿದ್ದಾರೆ ಎಂಬ ಜಂಬವೋ, ಈಗಲೂ ಗೊತ್ತಾಗುತ್ತಿಲ್ಲ.

ಒಬ್ಬಳು ಬಂದಳು, ಇದೇ ಊರಿನವಳು. ಪರೀಕ್ಷೆಗೆಂದು ಅವಳಿಂದ ಒಂದು ಹಲ್ಲು ಕಟ್ಟಿಸಿದೆವು. ಮಾಲೀಕರು ನನ್ನ ಮುಖ ನೋಡಲಾರದೆ, “ಏನಾದ್ರೂ ಐಬು ಹುಡುಕಿ ಮೇಡಂ, ವೀಸಾ ಆಫೀಸಿಗೆ ಬರ್ದು ಕಳಿಸ್ಬಿಡೋಣ,” ಎಂದರು. ಅವಳು ಕಟ್ಟಿದ್ದನ್ನು ನಾನು ಕಟ್ಟಿದ್ದರ ಪಕ್ಕ ಇಟ್ಟು, ಕಿಟಕಿಯ ಬೆಳಕಿನಲ್ಲಿ ತಿರುಗಿಸಿ ತಿರುಗಿಸಿ ನೋಡಿದೆ, ಅಕ್ಕ. ಯಾವುದು ನನ್ನದೆಂದು ನನಗೇ ತಿಳಿಯಲಿಲ್ಲ. ಹಾಗೆಂದೇ ಹೇಳಿದೆ.

ನಿಮ್ಮ ಮನೆಯ ಹತ್ತಿರದ ಶಾಲೆಯಲ್ಲಿ ಒಂಬತ್ತನೇ ತರಗತಿಗೆ ಸೀಟು ಇದೆಯೇ ವಿಚಾರಿಸು. ನನಗೆ ಕೆಲಸ ಕೊಡಿಸಲು ಮಾತ್ರ ಯಾರನ್ನೂ ಕೇಳಬೇಡ, ಈಗಲೇ ಬೇಡ.

ಮಗಳಿಗೆ ಇನ್ನೂ ಹೇಳಿಲ್ಲ. ಶಾಲೆಯ ನಾಟಕದಲ್ಲಿ ಅವಳಿಗೆ ದೊಡ್ಡ ಪಾತ್ರ ಸಿಕ್ಕಿದೆ. ದಿನಾ ಸಂಜೆ ನನಗೆ ಮಾತು ಒಪ್ಪಿಸುತ್ತಾಳೆ, ತಪ್ಪಿದಲ್ಲಿ ತಿದ್ದುತ್ತೇನೆ. ನಾಟಕ ಇರುವುದು ನಾವು ಹೊರಟ ಮೇಲೆ.

ನಿನ್ನ
ತಂಗಿ