ಹಾಲು ಜೇನು ಬೇಡವೆಂದ ಅಮ್ಮ

ಅಪ್ಪಾ,

ನೀವು ತೀರಿಕೊಂಡ ಮೇಲೆ ಭಾನುವಾರದ ಬೈಬಲ್ ತರಗತಿಯನ್ನು ಇವತ್ತು ಮೊದಲ ಸಲ ನಾನು ನಡೆಸಿದೆ. ಹಳೆಯ ಒಡಂಬಡಿಕೆಯಲ್ಲಿ ದೇವರು ಹಾಲೂ ಜೇನೂ ಹರಿಯುವ ದೇಶ ಕೊಡುತ್ತೇನೆಂದ, ಹೊಸದರಲ್ಲಿ ನಿತ್ಯಜೀವ ಕೊಡುತ್ತೇನೆಂದ. "ನಿಮಗೆ ಯಾವುದು ಬೇಕು?" ಎಂದು ನಿಮ್ಮ ಹಾಗೆಯೇ ತರಗತಿಯವರನ್ನು ಕೇಳಿದೆ. "ನಿತ್ಯಜೀವ ನೀವೇ ಇಟ್ಕೊಳ್ಳಿ, ನಂಗೆ ಹಾಲು ಜೇನು ಸಾಕು" ಎಂದು ಕೊನೆಯ ಬೆಂಚಿನಿಂದ ಪ್ರತಿಸಲವೂ ನಿಮ್ಮ ಕಾಲೆಳೆಯುತ್ತಿದ್ದ ಅಮ್ಮ, ಇವತ್ತು ಎಲ್ಲರಿಗಿಂತ ಮೊದಲು ಕೈಯೆತ್ತಿದಳು.

"ನಂಗೆ ಹೊಸದೇ ಇರ್ಲಿ ಕಣೇ."

"ಏನಮ್ಮಾ, ಪಾರ್ಟಿ ಬದಲಾಯಿಸ್ಬಿಟ್ಯಾ?"

"ಇನ್ನೇನ್ ಮಾಡ್ಲಿ? ಹಾಲು ಜೇನು ಅಂಗಡೀಲೂ ಸಿಗತ್ತೆ. ನಿಮ್ಮಪ್ಪ ಸಿಗಲ್ವಲ್ಲ."

ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ, ಬೋರ್ಡಿನ ಕಡೆ ತಿರುಗಿಕೊಂಡು.

ಅಂತೂ ವಾದದಲ್ಲಿ ಗೆದ್ದಿರಿ. ಆದರೆ ನೀವಿದ್ದಿದ್ದರೆ ಅವಳು ಇವತ್ತೂ ಹಾಲು ಜೇನನ್ನೇ ಕೇಳುತ್ತಿದ್ದಳು, ಅಪ್ಪಾ.