ಬೀರು ಮೇಲಿನ ಕಂಬಳಿ

ತಮ್ಮಾ,

ಚಿಕ್ಕಪ್ಪನ ಜೊತೆ ಉತ್ತರಕ್ಕೆ ಹೊರಟೆ, ಅಪ್ಪನನ್ನು ತರೋಕೆ. ನಿನ್ನ ಸ್ವೆಟರ್ ಒಯ್ದಿದ್ದೇನೆ, ಗೊಣಗಬೇಡ. ಅಲ್ಲಿ ಹಿಮಕ್ಕೆ ದಾರಿ ಇನ್ನೂ ಪೂರ್ತಿ ತೆರೆದಿಲ್ಲವಂತೆ.

ಅಪ್ಪ ಲಾರಿಯಲ್ಲೇ ಚಳಿಗೆ ಸೆಟೆದು ಸತ್ತರು ಅಂತ ಅಮ್ಮನ ಹತ್ತಿರ ಬಾಯಿಬಿಟ್ಟೀಯ, ಜೋಕೆ! ಹುಷಾರಿಲ್ಲ ಅಂತಷ್ಟೇ ಹೇಳಿದ್ದೇನೆ.

ಐಸ್ ಕಾರ್ಖಾನೆಯವರಿಗೆ ಇವತ್ತೇ ಹೇಳಿಡು. ಅಪ್ಪನನ್ನು ಇಟ್ಟಿರೋ ಕಡೆ ಐಸೇ ಬೇಕಾಗಿಲ್ಲವಂತೆ. ಇಲ್ಲಿನ ಸೆಕೆಗೆ ಒಂದು ಗಳಿಗೆಯೂ ತಡೆಯೋದಿಲ್ಲ.

ಕೊನೇದು. ಅಪ್ಪ ಹೊರಡುವಾಗ ಅಮ್ಮ ಬೆವರೊರೆಸಿಕೊಳ್ಳುತ್ತಾ, "ಈ ಧಗೇಲಿ ಕಂಬಳಿ ಯಾಕ್ರೀ, ಸುಮ್ನೆ ಹೊರೆ" ಅಂತ ಚೀಲದಿಂದ ತೆಗೆದು ಬೀರು ಮೇಲಿಟ್ಟಳಲ್ಲ, ಅದಿನ್ನೂ ಅಲ್ಲೇ ಇದೆ. ಅವಳು ಏಳೋ ಮೊದಲು ಮನೆಯಿಂದಾಚೆ ಸಾಗಿಸು. ಕೇಳಿದರೆ, ಅವಳ ಕಣ್ಣು ತಪ್ಪಿಸಿ ಅಪ್ಪ ಮತ್ತೆ ಚೀಲಕ್ಕೆ ತುರುಕಿಕೊಂಡು ಹೋದರು ಅನ್ನು.

ಅಕ್ಕ